ತ್ಯಾಗಕ್ಕೆ ಬಡ್ಡಿ

2022ರ ಫೆಬ್ರವರಿ 12ರಂದು ನಿಕರಾಗುವಾ ದೇಶದಲ್ಲಿ ಎಪ್ಪತ್ತಮೂರು ವರ್ಷದ ಕೈದಿಯೊಬ್ಬ ಬಂಧನದಲ್ಲಿದ್ದಾಗಲೇ ಸತ್ತ. ಹೆಸರು ಹ್ಯೂಗೋ ಟೊರೆಸ್. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ಆತ ದೇಶದ್ರೋಹಿ. ಸೆರೆಯಲ್ಲಿ ಸಾಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ, ಇದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ವಿಶೇಷ ಇಷ್ಟೆ: 1974ರ ಡಿಸೆಂಬರ್ ಕೊನೆಯಲ್ಲಿ ಸೊಮೋಝಾ ಎಂಬ ಸರ್ವಾಧಿಕಾರಿಯ ಆಪ್ತನೊಬ್ಬನ ಮನೆಯಲ್ಲಿ ಔತಣ ನಡೆಯುತ್ತಿದ್ದಾಗ ಒಳನುಗ್ಗಿದ ಕೆಲವೇ ಗೆರಿಲ್ಲಾಗಳಲ್ಲಿ ಈ ಟೊರೆಸ್ ಒಬ್ಬ. ಉಣ್ಣಲು ಬಂದಿದ್ದ ದೊಡ್ಡ ಮನುಷ್ಯರನ್ನು ಒತ್ತೆಯಿಟ್ಟುಕೊಂಡು ಅವರು ಜೈಲಿನಲ್ಲಿದ್ದ ತಮ್ಮ ಸಂಗಾತಿಗಳನ್ನು ಬಿಡಿಸಿಕೊಂಡರು. ಹಾಗೆ ಬಿಡುಗಡೆಯಾದವರಲ್ಲಿ ಏಳು ವರ್ಷ ಸೆರೆಯಲ್ಲಿ ಕೊಳೆತಿದ್ದ ಡೇನಿಯಲ್ ಒರ್ಟೆಗಾ ಎಂಬ ಯುವಕನೂ ಇದ್ದ. 2021ರ ಜೂನಿನಲ್ಲಿ ಟೊರೆಸ್‌ನನ್ನು ಜೈಲಿಗೆ ತಳ್ಳಿದ ಅಧ್ಯಕ್ಷ ಅದೇ ಡೇನಿಯಲ್ ಒರ್ಟೆಗಾ.

ಇದನ್ನು ಕೃತಘ್ನತೆ ಎಂದು ಕರೆದು ಸುಮ್ಮನಾಗಬಹುದು. ಉಂಡ ಮನೆಗೆ ಎರಡು ಬಗೆದ ಅಂತ ನಮ್ಮೂರ ಮುದುಕಿಯೂ ಒಂದು ಮಾತಲ್ಲಿ ಹೇಳಿ ಮುಗಿಸುತ್ತಾಳೆ. ನನಗೆ ಅಷ್ಟಕ್ಕೆ ಮುಗಿಯುತ್ತಿಲ್ಲ. ಒಂದು ಅಧ್ಯಯನ ಶಿಬಿರದಲ್ಲಿ ಈ ಸಂಗತಿ ಹೇಳಿದಾಗ ಇಬ್ಬರು ಎದ್ದು ನಿಂತರು. ಒಬ್ಬ ಹಿರಿಯ ಗೆಳೆಯರು, "ಇದನ್ನೆಲ್ಲ ನಾವು ಆಡಿಕೊಂಡರೆ ಅಮೆರಿಕದವರಿಗೆ ಖುಷಿ ಅಲ್ಲವೇನಪ್ಪಾ?" ಅಂದರು. ಇನ್ನೊಬ್ಬ ವಿದ್ಯಾರ್ಥಿ, "ಹಂಗಾದ್ರೆ 1979ರ ಕ್ರಾಂತಿ ದಂಡ ಆಯ್ತಾ ಸಾರ್?" ಅಂದ. ಎರಡಕ್ಕೂ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈ ಬರಹ ಆ ಇಬ್ಬರಿಗೆ.

ಮೊದಲು ಹಿರಿಯರ ಮಾತನ್ನೇ ತೆಗೆದುಕೊಳ್ಳೋಣ, ಯಾಕೆಂದರೆ ಅದರಲ್ಲಿ ನಿಜವಿದೆ. ನಿಕರಾಗುವಾದ ಹಣೆಬರಹವನ್ನು ಅಮೆರಿಕ ಬಹಳ ಕಾಲ ತನ್ನ ಕೈಯಲ್ಲೇ ಬರೆಯಿತು. 1912ರಿಂದ 1933ರವರೆಗೆ, ನಡುವೆ ಒಂದು ಸಣ್ಣ ಬಿಡುವು ಬಿಟ್ಟರೆ, ಅದರ ನೌಕಾಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರು. ಹೊರಡುವ ಮುಂಚೆ ನ್ಯಾಷನಲ್ ಗಾರ್ಡ್ ಎಂಬ ಪಡೆಯೊಂದನ್ನು ಕಟ್ಟಿಕೊಟ್ಟು ಹೋದರು. ಆ ಸೈನಿಕರ ವಿರುದ್ಧ ಗುಡ್ಡಗಾಡಿನಲ್ಲಿ ಕಾದಾಡಿದ ಅಗಸ್ಟೋ ಸಾಂಡಿನೋ, ಅವರು ಹೋದ ಮೇಲೆ ನಂಬಿ ಮಾತುಕತೆಗೆ ಬಂದ. 1934ರ ಫೆಬ್ರವರಿಯಲ್ಲಿ ಅಧ್ಯಕ್ಷನ ಮನೆಯಲ್ಲಿ ಊಟ ಮುಗಿಸಿ ಹೊರಟಾಗ ಇದೇ ಗಾರ್ಡ್ ಅವನನ್ನು ಕೊಂದಿತು. ಗಾರ್ಡ್‌ನ ಮುಖ್ಯಸ್ಥ ಸೊಮೋಝಾ ಮುಂದೆ ಅಧ್ಯಕ್ಷನಾದ; ಅವನ ನಂತರ ಹಿರಿಮಗ, ಆಮೇಲೆ ಕಿರಿಮಗ. ದೇಶವೆಂದರೆ ಆ ಮನೆತನದ ಜಮೀನು ಎಂಬಂತಾಯಿತು. 1972ರ ಡಿಸೆಂಬರಿನಲ್ಲಿ ಭೂಕಂಪಕ್ಕೆ ರಾಜಧಾನಿ ಮನಾಗುವಾ ಕುಸಿದು ಸಾವಿರಾರು ಜನ ಸತ್ತರು. ಲೋಕವೆಲ್ಲ ಕಳಿಸಿದ ಪರಿಹಾರದ ದುಡ್ಡನ್ನೂ ಸೊಮೋಝಾ ಮತ್ತವನ ಕಡೆಯವರು ನುಂಗಿದರು. ಹೆಣದ ಮೇಲಿನ ಕಾಸು ಹೆಕ್ಕುವುದು ಅಂತೀವಲ್ಲ, ಅದು.

ಸಾಂಡಿನೋನ ಹೆಸರು ಇಟ್ಟುಕೊಂಡು 1961ರಲ್ಲಿ ಹುಟ್ಟಿದ ಸಾಂಡಿನಿಸ್ತಾ ರಂಗ ಹದಿನೆಂಟು ವರ್ಷ ಬಡಿದಾಡಿ 1979ರ ಜುಲೈ 19ರಂದು ಮನಾಗುವಾ ಸೇರಿತು. ಮರುವರ್ಷ ಮಾರ್ಚಿನಲ್ಲಿ ಅವರು ಮಾಡಿದ ಕೆಲಸವನ್ನು ಮೇಷ್ಟ್ರುಗಳು ಗಮನವಿಟ್ಟು ಓದಬೇಕು. ಶಾಲೆ ಕಾಲೇಜು ಮುಚ್ಚಿ ಸುಮಾರು ಅರವತ್ತು ಸಾವಿರ ಹುಡುಗ ಹುಡುಗಿಯರನ್ನು ಐದು ತಿಂಗಳ ಕಾಲ ಹಳ್ಳಿಗಳಿಗೆ ಕಳಿಸಿದರು. ಒಂದು ಲಾಟೀನು, ಒಂದು ತೂಗುಹಾಸಿಗೆ, ಒಂದು ಪುಸ್ತಕ. ಹಗಲು ರೈತನ ಜೊತೆ ಹೊಲದ ಕೆಲಸ, ರಾತ್ರಿ ಲಾಟೀನಿನ ಬೆಳಕಲ್ಲಿ ಅಕ್ಷರ. ಪೇಟೆಯ ಅನುಕೂಲಸ್ಥರ ಮಕ್ಕಳು ಮೊದಲ ಸಲ ಬಡವನ ಗುಡಿಸಲಿನಲ್ಲಿ ಮಲಗಿದರು, ಅವನ ಜೋಳದ ರೊಟ್ಟಿ ತಿಂದರು. ಸೊಮೋಝಾನ ಅಳಿದುಳಿದ ಗಾರ್ಡ್‌ಗಳು ಕಲಿಸಲು ಹೋದವರಲ್ಲಿ ಕೆಲವರನ್ನು ಕೊಂದರು. ಆದರೂ ಕೆಲಸ ನಿಲ್ಲಲಿಲ್ಲ. ಅರ್ಧಕ್ಕರ್ಧ ದೇಶ ಹೆಬ್ಬೆಟ್ಟಾಗಿದ್ದದ್ದು, ಸರ್ಕಾರದ ಲೆಕ್ಕದ ಪ್ರಕಾರ, ಆಗಸ್ಟ್ ಹೊತ್ತಿಗೆ ನೂರಕ್ಕೆ 13ಕ್ಕೆ ಇಳಿಯಿತು. ಲೆಕ್ಕದಲ್ಲಿ ಸ್ವಲ್ಪ ಉಬ್ಬರ ಇದ್ದರೂ ಇರಬಹುದು; ಸರ್ಕಾರಿ ಲೆಕ್ಕಗಳ ಗುಣ ನಮಗೆ ಗೊತ್ತಿಲ್ಲದ್ದೇನಲ್ಲ. ಯುನೆಸ್ಕೋ ಆ ವರ್ಷವೇ ಇದನ್ನು ಗೌರವಿಸಿತು. ಗುಡಿಸಲಿನ ಮುದುಕ ಬಳಪ ಹಿಡಿದು ತನ್ನ ಹೆಸರು ತಾನೇ ಬರೆದದ್ದು ಮಾತ್ರ ಉಬ್ಬರವಲ್ಲ.

ಇಲ್ಲಿ ನಿಲ್ಲಿಸಿಬಿಟ್ಟರೆ ಕತೆ ಚೆನ್ನಾಗಿರುತ್ತದೆ. ನಾವು ಬಹಳ ಸಲ ಇಲ್ಲೇ ನಿಲ್ಲಿಸಿದ್ದೇವೆ. ಆದರೆ ಆ ಪುಸ್ತಕ ಯಾವ ಭಾಷೆಯಲ್ಲಿತ್ತು ಅಂತ ನಾವು ಕೇಳಲಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿತ್ತು. ದೇಶದ ಪೂರ್ವದ ಕರಾವಳಿಯಲ್ಲಿ ಮಿಸ್ಕಿಟೋ ಮುಂತಾದ ಮೂಲನಿವಾಸಿಗಳಿದ್ದಾರೆ, ಇಂಗ್ಲಿಷಿನ ಒಂದು ಬಗೆಯನ್ನಾಡುವ ಕಪ್ಪುಜನರಿದ್ದಾರೆ. ಅವರಿಗೆ ಸ್ಪ್ಯಾನಿಷ್ ಎಂಬುದು ಆಳುವವರ ಮಾತು. ನಮ್ಮ ಮಾತಿನಲ್ಲಿ ಕಲಿಸಿ ಅಂತ ಅವರು ಹಟ ಹಿಡಿದ ಮೇಲೆ, ಅದೇ ವರ್ಷದ ಕೊನೆಗೆ, ಅವರವರ ಭಾಷೆಯಲ್ಲೂ ಪಾಠ ಶುರುವಾಯಿತು. ಇದು ಒಳ್ಳೆಯದೇ ಆಯಿತು. ಆದರೆ ಹಟ ಹಿಡಿಯಬೇಕಾಯಿತು ಅನ್ನುವುದನ್ನು ಮರೆಯಬಾರದು. ಮುಂದೆ ನಡೆದದ್ದು ಇದಕ್ಕಿಂತ ಕೆಟ್ಟದ್ದು. 1981ರ ಕೊನೆಗೆ ಹೊಂಡುರಾಸ್ ಗಡಿಯ ಕೋಕೋ ನದಿಯ ಉದ್ದಕ್ಕೂ ಅಮೆರಿಕದ ಬೆಂಬಲದ ಕೊಂಟ್ರಾ ದಾಳಿಗಳು ಹೆಚ್ಚಾದವು. 1982ರ ಆರಂಭದಲ್ಲಿ ಸಾಂಡಿನಿಸ್ತಾ ಸೇನೆ ನದಿದಂಡೆಯ ಎಂಟು ಸಾವಿರಕ್ಕೂ ಹೆಚ್ಚು ಮಿಸ್ಕಿಟೋ ಜನರನ್ನು ಎಬ್ಬಿಸಿ ದೂರದ ಶಿಬಿರಗಳಿಗೆ ನಡೆಸಿಕೊಂಡು ಹೋಯಿತು. ಶತ್ರುವಿಗೆ ಆಸರೆಯಾಗದಿರಲಿ ಎಂದು ಅವರ ಮನೆಗಳಿಗೆ ಬೆಂಕಿ ಹಚ್ಚಿತು; ಬೆಳೆ, ಹಣ್ಣಿನ ಮರ, ದನಕರು ಯಾವುದನ್ನೂ ಉಳಿಸಲಿಲ್ಲ. ಸಾವಿರಾರು ಜನ ನದಿ ದಾಟಿ ಹೊಂಡುರಾಸಿಗೆ ಓಡಿದರು.

ಕ್ರಾಂತಿಯ ಸರ್ಕಾರಕ್ಕೆ ಆಗ ಎರಡೂವರೆ ವರ್ಷ ವಯಸ್ಸು.

ತಪ್ಪಾಯಿತೆಂದು ನಾಯಕರು ಆಮೇಲೆ ಒಪ್ಪಿಕೊಂಡರು. ಜನ ತಮ್ಮ ನದಿಗೆ ಮರಳಿದರು. 1987ರಲ್ಲಿ ಆ ಕರಾವಳಿಗೆ ಸ್ವಾಯತ್ತತೆಯ ಕಾನೂನೂ ಬಂತು. ತಪ್ಪೊಪ್ಪಿಕೊಳ್ಳುವ ಚಳವಳಿ ಅಪರೂಪ, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ಆದರೆ ಒಂದು ಕ್ರಾಂತಿಯನ್ನು ಅಳೆಯಬೇಕಾದ್ದು ಅದರ ಮೆರವಣಿಗೆಯ ಮುಂದೆ ನಿಂತವರಿಂದ ಅಲ್ಲ. ತೀರಾ ಕೊನೆಯ ಗುಡಿಸಲಿನಲ್ಲಿರುವವನು "ನನಗೆ ಬೇಡ" ಅಂದಾಗ ಅದು ಏನು ಮಾಡಿತು ಅಂತ ನೋಡಬೇಕು. ಆ ದಿನಗಳಲ್ಲಿ ಸಭೆಗಳಲ್ಲಿ ಕೂಗುತ್ತಿದ್ದ ಘೋಷಣೆಯೊಂದಿತ್ತು: ರಾಷ್ಟ್ರೀಯ ನಾಯಕತ್ವವೇ, ಆಜ್ಞೆ ಮಾಡು! ಆ ನಾಯಕತ್ವದಲ್ಲಿ ಒಂಬತ್ತು ಜನ, ಒಂಬತ್ತೂ ಗಂಡಸರು. 1978ರ ಆಗಸ್ಟಿನಲ್ಲಿ ಗಾರ್ಡ್ ವೇಷ ಹಾಕಿಕೊಂಡು ಸಂಸತ್ತಿನ ಭವನಕ್ಕೇ ನುಗ್ಗಿ ಕೈದಿಗಳನ್ನು ಬಿಡಿಸಿದ ದಂಡಿನಲ್ಲಿ ಇದೇ ಟೊರೆಸ್ ಜೊತೆಗೆ ಇಪ್ಪತ್ತೆರಡರ ಹರೆಯದ ಡೋರಾ ಮರಿಯಾ ತೆಯೆಸ್ ನಾಯಕಿಯಾಗಿದ್ದಳು. ಮರುವರ್ಷ ಲೆಯೋನ್ ನಗರವನ್ನು ಗೆದ್ದವಳೂ ಅವಳೇ. ಆ ಒಂಬತ್ತರಲ್ಲಿ ಅವಳಿಗೂ ಜಾಗ ಇರಲಿಲ್ಲ. ಬಂದೂಕು ಹಿಡಿಯುವಾಗ ಹೆಂಗಸು ಬೇಕು, ಆಜ್ಞೆ ಮಾಡುವಾಗ ಬೇಡ.

ಅಮೆರಿಕ ಸುಮ್ಮನಿರಲಿಲ್ಲ. ಕೊಂಟ್ರಾಗಳಿಗೆ ದುಡ್ಡು, ಬಂದೂಕು ಕೊಟ್ಟಿತು. ಬಂದರುಗಳಲ್ಲಿ ಸಿಡಿಗುಂಡು ಹುದುಗಿಸಿತು. 1986ರ ಜೂನಿನಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ಅಮೆರಿಕದ್ದೇ ತಪ್ಪು ಅಂತ ತೀರ್ಪು ಕೊಟ್ಟಿತು. ಅದು ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಗಳೂ ಆಸ್ಪತ್ರೆಗಳೂ ಉರಿದವು, ಹತ್ತಾರು ಸಾವಿರ ಜನ ಸತ್ತರು. ಬೇಸತ್ತ ಜನ 1990ರ ಫೆಬ್ರವರಿಯ ಚುನಾವಣೆಯಲ್ಲಿ ಒರ್ಟೆಗಾನನ್ನು ಸೋಲಿಸಿ ವಿಯೋಲೆಟಾ ಚಮೋರೋ ಎಂಬ ಹೆಂಗಸನ್ನು ಗೆಲ್ಲಿಸಿದರು. ಆತ ಸೋಲೊಪ್ಪಿಕೊಂಡು ಅಧಿಕಾರ ಬಿಟ್ಟ. ಬಂದೂಕಿನಿಂದ ಬಂದವನು ಓಟಿನಿಂದ ಹೋದ. ಆತ ಮಾಡಿದ ಅತ್ಯಂತ ದೊಡ್ಡ ಕೆಲಸ ಇದೇ ಅಂತ ನನ್ನ ಎಣಿಕೆ. 1979ರ ಗೆಲುವಿಗಿಂತಲೂ ದೊಡ್ಡದು.

ಆದರೆ ಹೋಗುವ ಮುಂಚಿನ ಎರಡು ತಿಂಗಳಲ್ಲಿ ಏನು ನಡೆಯಿತು? ಆ ನಾಡಿನಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಮಿಠಾಯಿ ತುಂಬಿದ ಬೊಂಬೆಯನ್ನು ಮೇಲೆ ಕಟ್ಟಿ ಕೋಲಿನಿಂದ ಒಡೆಯುತ್ತಾರೆ, ನಮ್ಮ ಮೊಸರು ಕುಡಿಕೆಯ ಹಾಗೆ. ಒಡೆದೊಡನೆ ಸಿಕ್ಕಿದವರಿಗೆ ಸಿಕ್ಕಷ್ಟು. ಅದಕ್ಕೆ ಪಿನ್ಯಾಟಾ ಅಂತ ಹೆಸರು. 1990ರ ಆ ದಿನಗಳಿಗೂ ಜನ ಅದೇ ಹೆಸರಿಟ್ಟರು. ಭೂಮಿ ಸಿಕ್ಕಿದ ರೈತರಿಗೆ, ಮನೆ ಸಿಕ್ಕಿದ ಬಡವರಿಗೆ ಹಕ್ಕುಪತ್ರ ಕೊಡುವ ಕಾನೂನುಗಳನ್ನು ಅವಸರದಲ್ಲಿ ಮಾಡಿದರು, ಅದು ನ್ಯಾಯವೇ. ಅದರ ಸಂದಿಯಲ್ಲೇ ನಾಯಕರು ತೋಟಗಳು, ಬಂಗಲೆಗಳು, ಕಂಪನಿಗಳನ್ನು ತಮ್ಮ ಹೆಸರಿಗೆ ಮಾಡಿಕೊಂಡರು. ಸೊಮೋಝಾನ ಕಡೆಯ ಧನಿಕರಿಂದ ಜನರಿಗೆಂದು ಕಿತ್ತುಕೊಂಡದ್ದು ಜನರ ಹೆಸರಿನವರ ಪಾಲಾಯಿತು. ಕೇಳಿದರೆ ಸಿದ್ಧ ಉತ್ತರವಿತ್ತು: ನಾವು ದೇಶಕ್ಕಾಗಿ ಇಷ್ಟು ವರ್ಷ ಜೈಲಿನಲ್ಲಿ, ಕಾಡಿನಲ್ಲಿ ಕಳೆದಿಲ್ಲವೇ?

ನನ್ನ ವಾದವೆಲ್ಲ ಈ ಉತ್ತರದ ಸುತ್ತಲೇ ಇದೆ. ತ್ಯಾಗ ಅಂದರೆ ಏನು? ಕೊಡುವುದು. ಕೊಟ್ಟ ಮೇಲೆ ಅದು ಕೊಟ್ಟವನದಲ್ಲ. ಅದನ್ನು ಬರೆದಿಟ್ಟುಕೊಂಡು ಒಂದು ದಿನ ಖಾತೆ ಪುಸ್ತಕ ತೆರೆದು "ಇಷ್ಟು ಅಸಲು, ಇಷ್ಟು ಬಡ್ಡಿ" ಅಂದರೆ ಅದು ತ್ಯಾಗವಲ್ಲ, ಸಾಲ. ಸಾಲದ ಸ್ವಭಾವ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪ ಹೆಬ್ಬೆಟ್ಟೊತ್ತಿದ ಸಾಲಕ್ಕೆ ಮಗ ಜೀತಕ್ಕೆ ಹೋಗುತ್ತಾನೆ, ಮಗನ ಹೆಸರಲ್ಲಿ ಮೊಮ್ಮಗ. ಅಸಲು ಎಂದೂ ತೀರುವುದಿಲ್ಲ, ಯಾಕಂದ್ರೆ ಪುಸ್ತಕ ಬರೆಯುವವನು ಸಾಹುಕಾರ.

ಒರ್ಟೆಗಾ ಮೊದಲಿನಿಂದಲೂ ಕಳ್ಳ, ವೇಷಗಾರ ಅಂತ ಹೇಳುವವರಿದ್ದಾರೆ. ಅದು ಸುಲಭದ ದಾರಿ. ನಾನು ಒಪ್ಪುವುದಿಲ್ಲ. ಏಳು ವರ್ಷದ ಸೆರೆ ನಿಜ, ಅಲ್ಲಿ ಕೊಟ್ಟ ಚಿತ್ರಹಿಂಸೆ ನಿಜ. ಅವನ ಕಿರಿಯ ತಮ್ಮ ಕಮೀಲೋ 1978ರ ಫೆಬ್ರವರಿಯಲ್ಲಿ ಗಾರ್ಡ್‌ಗಳ ಗುಂಡಿಗೆ ಬಿದ್ದದ್ದೂ ನಿಜ. ಕಷ್ಟ ಇರುವುದು ಇಲ್ಲೇ. ಸುಳ್ಳು ಸಾಲಪತ್ರವನ್ನು ಹರಿದುಹಾಕಬಹುದು. ಪತ್ರ ನಿಜವಾಗಿದ್ದರೆ ಜನರಿಗೆ ನಾಚಿಕೆಯಾಗುತ್ತದೆ, ಅವನ ಮುಂದೆ ಮಾತಾಡಲು ನಾಲಿಗೆ ಏಳುವುದಿಲ್ಲ. ಬೂಟಾಟಿಕೆಯವನಿಗಿಂತ ನಿಜವಾಗಿ ನೊಂದವನು ನಮ್ಮನ್ನು ಹೆಚ್ಚು ಸಲೀಸಾಗಿ ಬಾಯಿ ಮುಚ್ಚಿಸಬಲ್ಲ.

1998ರಲ್ಲಿ ಆತನ ಮಲಮಗಳು, ತಾನು ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಆತ ತನ್ನ ಮೇಲೆ ಅತ್ಯಾಚಾರ ನಡೆಸಿದನೆಂದು ಎದ್ದು ನಿಂತು ಹೇಳಿದಳು. ಆತ ಅಲ್ಲಗಳೆದ. ಸಂಸದನೆಂಬ ರಕ್ಷೆ ಅವನಿಗಿತ್ತು. 2001ರಲ್ಲಿ, ಅವಧಿ ಮೀರಿದೆ ಎಂದು ಕೋರ್ಟು ಮೊಕದ್ದಮೆಯನ್ನೇ ಮುಚ್ಚಿತು. ಆಪಾದನೆಯ ವಿಚಾರಣೆ ಸರಿಯಾಗಿ ನಡೆಯಲೇ ಇಲ್ಲ. ಹೆತ್ತ ತಾಯಿ ರೊಸಾರಿಯೋ ಮುರಿಯೋ ಗಂಡನ ಪಕ್ಕ ನಿಂತಳು. ಪಕ್ಷ ಏನು ಹೇಳಿತು? ಇದು ಶತ್ರುಗಳ ಪಿತೂರಿ. ಹಿರಿಯ ಗೆಳೆಯರು ಶಿಬಿರದಲ್ಲಿ ನನಗೆ ಹೇಳಿದ ಮಾತೂ ಇದೇ ಜಾತಿಯದು ಅನ್ನುವುದನ್ನು ಅವರು ದಯವಿಟ್ಟು ಯೋಚಿಸಬೇಕು. ಶತ್ರುವಿಗೆ ಖುಷಿಯಾದೀತು ಅನ್ನುವ ಮಾತಿಗೆ ಮೊದಲು ಬಲಿಯಾಗುವುದು ಶತ್ರು ಅಲ್ಲ, ನಮ್ಮದೇ ಮನೆಯ ದನಿ ಇಲ್ಲದವರು. ಮಿಸ್ಕಿಟೋ ರೈತ ಬಲಿಯಾದ, ಆ ಹುಡುಗಿ ಬಲಿಯಾದಳು. ಅಮೆರಿಕ ಮಾಡಿದ ಪಾಪ ಬೆಟ್ಟದಷ್ಟಿದೆ. ಅದನ್ನು ಒತ್ತೆಯಿಟ್ಟು ನಮ್ಮ ಪಾಪ ತೀರಿಸಲು ಬರುವುದಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ, ಅದರಲ್ಲಿ ಹೊಸತೇನೂ ಇಲ್ಲ, ನಾವು ಕಂಡ ರಾಜಕಾರಣವೇ. ಭ್ರಷ್ಟನೆಂದು ಹೆಸರಾದ ಬಲಪಂಥೀಯ ಅಧ್ಯಕ್ಷ ಅಲೆಮಾನ್ ಜೊತೆ ಒರ್ಟೆಗಾ ಒಪ್ಪಂದ ಮಾಡಿಕೊಂಡ. ನೂರಕ್ಕೆ 35 ಓಟು ಸಿಕ್ಕರೂ, ಎದುರಾಳಿಗಿಂತ ಐದು ಹೆಚ್ಚಿದ್ದರೆ, ಅಧ್ಯಕ್ಷನಾಗಬಹುದೆಂದು ಕಾನೂನು ತಿದ್ದಿದರು. ಹಳೆಯ ವೈರಿ ಕಾರ್ಡಿನಲ್ ಜೊತೆ ರಾಜಿಯಾಯಿತು. 2006ರಲ್ಲಿ ತಾಯಿಯ ಜೀವ ಉಳಿಸಲೂ ಗರ್ಭಪಾತ ಮಾಡುವಂತಿಲ್ಲ ಎಂಬ ಕಾನೂನಿಗೆ ಸಾಂಡಿನಿಸ್ತಾ ಸಂಸದರೇ ಕೈಯೆತ್ತಿದರು. ಕೆಲವೇ ದಿನಗಳ ನಂತರ ನೂರಕ್ಕೆ 38 ಓಟಿನಿಂದ ಆತ ಗೆದ್ದ. ಮರುಚುನಾವಣೆಗೆ ಇದ್ದ ಸಂವಿಧಾನದ ತಡೆಗಳು ಒಂದೊಂದಾಗಿ ಕಳಚಿದವು. 2017ರಲ್ಲಿ ಹೆಂಡತಿ ಉಪಾಧ್ಯಕ್ಷೆ.

ಹೇಳಲೇಬೇಕಾದ ಇನ್ನೊಂದು ಮುಖವೂ ಇದೆ. ಮರಳಿ ಬಂದ ಒರ್ಟೆಗಾ ಶಾಲೆ, ಆಸ್ಪತ್ರೆಗಳ ಶುಲ್ಕ ತೆಗೆದ. ಬಡ ಹೆಂಗಸರಿಗೆ ಹಸು, ಹಂದಿ, ಕೋಳಿ ಕೊಟ್ಟ. ಸೋರುವ ಸೂರಿಗೆ ತಗಡಿನ ಶೀಟು ಕೊಟ್ಟ. ತಗಡಿಗೆ ಮೂಗು ಮುರಿಯುವವರು ಮಳೆಯಲ್ಲಿ ಸೋರುವ ಗುಡಿಸಲಲ್ಲಿ ಒಂದು ರಾತ್ರಿ ಕೂತು ನೋಡಲಿ. ಹೊಟ್ಟೆಗಿಲ್ಲದವನಿಗೆ ಮಾತಿನ ಹಕ್ಕು ಯಾಕೆ, ಮೊದಲು ಅನ್ನ ಅನ್ನುವ ವಾದ ನಮ್ಮಲ್ಲೂ ಇದೆ. ಅದಕ್ಕೆ ನಿಕರಾಗುವಾದ ರೈತರೇ ಉತ್ತರ ಕೊಟ್ಟರು. 2013ರಲ್ಲಿ ಎರಡು ಸಾಗರಗಳನ್ನು ಸೇರಿಸುವ ಕಾಲುವೆ ತೋಡಲು ಚೀನಾದ ಒಬ್ಬ ಸಾಹುಕಾರನ ಕಂಪನಿಗೆ ಐವತ್ತು ವರ್ಷದ ಗುತ್ತಿಗೆ, ಬೇಕಾದರೆ ಇನ್ನೈವತ್ತು, ಬರೆದುಕೊಟ್ಟರು. ದಾರಿಗೆ ಬಂದ ಯಾರ ಹೊಲವನ್ನಾದರೂ ಕಿತ್ತುಕೊಳ್ಳಬಹುದು. ಆಗ ತಗಡಿನ ಸೂರಿನ ರೈತನಿಗೆ ಗೊತ್ತಾಯಿತು, ಸೂರಿನ ಕೆಳಗಿನ ನೆಲ ಉಳಿಯಬೇಕಾದರೆ ಬಾಯಿ ಬೇಕು ಅಂತ. ಹತ್ತಾರು ಮೆರವಣಿಗೆ ಮಾಡಿದರು. ಅವರ ನಾಯಕರಲ್ಲೊಬ್ಬನಾದ ಮೆದಾರ್ದೋ ಮೈರೇನಾಗೆ 2019ರಲ್ಲಿ ಬಿದ್ದ ಶಿಕ್ಷೆ ಎಷ್ಟು ಗೊತ್ತೇ? 216 ವರ್ಷ. ಕಾಲುವೆ ಮಾತ್ರ ತೋಡಲಿಲ್ಲ. 2024ರಲ್ಲಿ ಗುತ್ತಿಗೆಯನ್ನೇ ರದ್ದು ಮಾಡಿದರು.

2018ರ ಏಪ್ರಿಲಿನಲ್ಲಿ ಮುದುಕರ ಪಿಂಚಣಿಯಿಂದ ನೂರಕ್ಕೆ ಐದು ಕತ್ತರಿಸುವ ಆದೇಶ ಬಂತು. ಮುದುಕರು ಬೀದಿಗೆ ಬಂದರು, ಅವರ ಮೇಲೆ ಏಟು ಬಿತ್ತು. ಅದನ್ನು ನೋಡಿ ವಿದ್ಯಾರ್ಥಿಗಳು ಬಂದರು. ಇವರಲ್ಲಿ ಹೆಚ್ಚಿನವರು 1990ರ ನಂತರ ಹುಟ್ಟಿದವರು; ಸಾಹುಕಾರನ ಆ ಪುಸ್ತಕದಲ್ಲಿ ಇವರ ಹೆಬ್ಬೆಟ್ಟಿನ ಗುರುತೇ ಇಲ್ಲ. ಎಷ್ಟೋ ಮಂದಿ ಸಾಂಡಿನಿಸ್ತಾ ಮನೆಗಳ ಮಕ್ಕಳೇ. ಆದೇಶ ಕೆಲವೇ ದಿನಗಳಲ್ಲಿ ವಾಪಸಾಯಿತು, ಅಷ್ಟರಲ್ಲಿ ಹೆಣಗಳು ಬಿದ್ದಿದ್ದವು. ಮೇ 30, ಅಲ್ಲಿನ ತಾಯಂದಿರ ದಿನ. ಸತ್ತ ಮಕ್ಕಳ ತಾಯಂದಿರಿಗಾಗಿ ನಡೆದ ಮೆರವಣಿಗೆಯ ಮೇಲೂ ಗುಂಡು ಹಾರಿತು. ಅಮೆರಿಕ ಖಂಡಗಳ ಮಾನವ ಹಕ್ಕು ಆಯೋಗ ಒಟ್ಟು 355 ಸಾವುಗಳನ್ನು ದಾಖಲಿಸಿತು.

ಆಮೇಲೆ ಯಾರೂ ಉಳಿಯಲಿಲ್ಲ. 2021ರ ಚುನಾವಣೆಗೆ ಮುಂಚೆ ಎದುರು ನಿಲ್ಲಬಹುದಾಗಿದ್ದ ಏಳು ಮಂದಿ ಜೈಲಿಗೆ ಹೋದರು. ಟೊರೆಸ್‌ನನ್ನು ಹಿಡಿದ ದಿನವೇ ತೆಯೆಸ್‌ಳನ್ನೂ ಹಿಡಿದರು. ಇಪ್ಪತ್ತೆರಡಕ್ಕೆ ಸೊಮೋಝಾನ ಜೈಲುಗಳನ್ನು ತೆರೆಸಿದವಳು ಅರವತ್ತೈದಕ್ಕೆ ಒಂಟಿ ಕೋಣೆಯಲ್ಲಿ, ಓದಲು ಪುಸ್ತಕವಿಲ್ಲದೆ, ಬರೆಯಲು ಹಾಳೆಯಿಲ್ಲದೆ ಇಪ್ಪತ್ತು ತಿಂಗಳು ಕೂತಳು. ಅಕ್ಷರ ಹಂಚಿದ ಕ್ರಾಂತಿ ತನ್ನ ಮಗಳಿಗೆ ಒಂದು ಹಾಳೆ ಕೊಡಲಿಲ್ಲ. 2023ರ ಫೆಬ್ರವರಿ 9ರಂದು ಅವಳೂ ಸೇರಿ 222 ಕೈದಿಗಳನ್ನು ವಿಮಾನಕ್ಕೆ ಹತ್ತಿಸಿ ಅಮೆರಿಕಕ್ಕೆ ಅಟ್ಟಿದರು, ಪೌರತ್ವ ಕಿತ್ತುಕೊಂಡರು. ಅದೇ ವಾರ ಇನ್ನೂ 94 ಜನರ ಪೌರತ್ವ ಹೋಯಿತು. ಅದರಲ್ಲಿ ಒಮ್ಮೆ ಒರ್ಟೆಗಾನ ಉಪಾಧ್ಯಕ್ಷನಾಗಿದ್ದ ಕಾದಂಬರಿಕಾರ ಸೆರ್ಹಿಯೋ ರಮೀರೆಸ್ ಇದ್ದ, ಕವಿ ಜಿಯೋಕೋಂಡಾ ಬೆಲ್ಲಿ ಇದ್ದಳು. ವಿಮಾನ ಹತ್ತಲು ಒಪ್ಪದ ಬಿಷಪ್ ರೊಲಾಂದೋ ಆಲ್ವರೆಸ್‌ಗೆ ಮರುದಿನವೇ 26 ವರ್ಷ ಶಿಕ್ಷೆ. 2024ರ ಜನವರಿಯಲ್ಲಿ ಆತನನ್ನೂ ದೇಶದಿಂದ ಹೊರಗೆ ಕಳಿಸಿದರು. ಕ್ರಾಂತಿಯ ಸೇನೆ ಕಟ್ಟಿದ ಸ್ವಂತ ಅಣ್ಣತಮ್ಮ ಉಂಬೆರ್ತೋ, ಒರ್ಟೆಗಾನ ನಂತರ ಈ ಆಡಳಿತ ನಿಲ್ಲದು ಎಂಬರ್ಥದ ಮಾತನ್ನು 2024ರ ಮೇ ತಿಂಗಳಲ್ಲಿ ಪತ್ರಕರ್ತರಿಗೆ ಹೇಳಿದ. ಮನೆಯ ಸುತ್ತ ಪೊಲೀಸರು ನಿಂತರು. ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡ. 2025ರ ಜನವರಿಯಲ್ಲಿ ಸಂವಿಧಾನ ತಿದ್ದಿ ಗಂಡ ಹೆಂಡತಿ ಇಬ್ಬರೂ ಸಹ-ಅಧ್ಯಕ್ಷರೆಂದು ಬರೆದುಕೊಂಡರು.

ಕವಿ-ಪಾದ್ರಿ ಎರ್ನೆಸ್ತೋ ಕಾರ್ದೆನಾಲ್ ಕ್ರಾಂತಿಯ ಸರ್ಕಾರದಲ್ಲಿ ಸಂಸ್ಕೃತಿ ಮಂತ್ರಿಯಾಗಿದ್ದವನು. ಅದಕ್ಕಾಗಿ 1983ರಲ್ಲಿ ವಿಮಾನ ನಿಲ್ದಾಣದಲ್ಲೇ ಪೋಪ್ ಬೆರಳಾಡಿಸಿ ಗದರಿದಾಗ ಮಂಡಿಯೂರಿ ಕೇಳಿಸಿಕೊಂಡ, ಮಂತ್ರಿಗಿರಿ ಬಿಡಲಿಲ್ಲ. 1994ರಲ್ಲಿ ಒರ್ಟೆಗಾನ ಪಕ್ಷ ಬಿಟ್ಟ. 2020ರ ಮಾರ್ಚಿನಲ್ಲಿ ತೊಂಬತ್ತೈದರ ಆತ ಸತ್ತಾಗ ಸರ್ಕಾರ ಮೂರು ದಿನ ಶೋಕ ಘೋಷಿಸಿತು. ಇಗರ್ಜಿಯಲ್ಲಿ ಹೆಣವಿಟ್ಟುಕೊಂಡು ಪ್ರಾರ್ಥನೆ ನಡೆಯುತ್ತಿದ್ದಾಗ ಕೆಂಪು-ಕಪ್ಪು ಕರವಸ್ತ್ರ ಕಟ್ಟಿಕೊಂಡ ಗುಂಪು ನುಗ್ಗಿ "ದ್ರೋಹಿ" ಎಂದು ಕೂಗಿತು. ಶೋಕವೂ ಅವರದೇ, ಕೂಗೂ ಅವರದೇ.

ಹಾಗಾದರೆ 1979 ದಂಡವಾಯಿತೇ ಅಂತ ಕೇಳಿದ ಆ ಹುಡುಗನಿಗೆ ಮೊನಿಂಬೋ ಬಗ್ಗೆ ಹೇಳಬೇಕು. ಅದು ಮಸಾಯಾ ಪಟ್ಟಣದ ಒಂದು ಕೇರಿ. ಮೂಲನಿವಾಸಿ ಕಸುಬುದಾರರ ಕೇರಿ. ಚರ್ಮದ ಕೆಲಸ, ಮರದ ಕೆಲಸ, ನೇಯ್ಗೆ, ಪಟಾಕಿ ಕಟ್ಟುವುದು. 1978ರ ಫೆಬ್ರವರಿಯಲ್ಲಿ ಯಾರ ಅಪ್ಪಣೆಗೂ ಕಾಯದೆ ಈ ಕೇರಿ ಸೊಮೋಝಾನ ಮೇಲೆ ತಿರುಗಿಬಿತ್ತು. ಪಟಾಕಿ ಕಟ್ಟುವ ಕೈಗಳು ನಾಡಬಾಂಬು ಕಟ್ಟಿದವು. ಗುರುತು ಸಿಗದಿರಲೆಂದು ಹಬ್ಬದ ಕುಣಿತದ ಮುಖವಾಡ ಹಾಕಿಕೊಂಡರು. ಸಾಂಡಿನಿಸ್ತಾ ನಾಯಕರಿಗೇ ಅದು ಅಚ್ಚರಿ. ನೆರವಿಗೆಂದು ಅವರು ಆಮೇಲೆ ಓಡಿಬಂದರು. ಹಾಗೆ ಬಂದು ಆ ಪಟ್ಟಣದ ಅಂಚಿನಲ್ಲಿ ಸತ್ತವನೇ ಕಮೀಲೋ, ಒರ್ಟೆಗಾನ ತಮ್ಮ.

ನಲವತ್ತು ವರ್ಷ ಆದ ಮೇಲೆ, 2018ರಲ್ಲಿ, ಮೊನಿಂಬೋ ಮತ್ತೆ ಬೀದಿಯ ಕಲ್ಲು ಕಿತ್ತು ಅಡ್ಡಗೋಡೆ ಕಟ್ಟಿತು. ಅಂಥ ಕಲ್ಲಿನ ಇಟ್ಟಿಗೆಗಳನ್ನು ಸೊಮೋಝಾನ ಕಾಲದಲ್ಲಿ ಅವನದೇ ಕಾರ್ಖಾನೆ ಮಾಡಿ ದೇಶಕ್ಕೆಲ್ಲ ಮಾರಿತ್ತು. 1979ರಲ್ಲಿ ಅವನ ಗಾರ್ಡ್‌ಗಳನ್ನು ತಡೆದದ್ದೂ ಅವೇ. ಜುಲೈ 17ರಂದು, ಕ್ರಾಂತಿಯ ಹಬ್ಬಕ್ಕೆ ಎರಡು ದಿನ ಇರುವಾಗ, ಒರ್ಟೆಗಾನ ಪೊಲೀಸರೂ ಮುಖಮುಚ್ಚಿದ ಬಂದೂಕಿನವರೂ ಕೇರಿಗೆ ನುಗ್ಗಿದರು. ಗೋಡೆಯ ಹಿಂದಿದ್ದವರಲ್ಲಿ ಇಪ್ಪತ್ತರ ಹುಡುಗರಿದ್ದರು, ಅವರ ಜೊತೆಗೆ 1978ರಲ್ಲೂ ಅದೇ ಬೀದಿಯಲ್ಲಿ ನಿಂತಿದ್ದ ಮುದುಕರಿದ್ದರು. ಈ ಮುದುಕರ ಹತ್ತಿರ ಖಾತೆ ಪುಸ್ತಕ ಇರಲಿಲ್ಲ. ಹುಡುಗರಿಗೆ ನಾಡಬಾಂಬು ಕಟ್ಟುವುದನ್ನು ತೋರಿಸಿಕೊಡುತ್ತಿದ್ದರು.